ತಾಮ್ರದ ಟ್ಯೂಬಿನ ತುದಿ ಹಿಗ್ಗಿಸುವಾಗ ಸೀಳುತ್ತಿದೆ, ಪಂಚ್ ಬದಲಿಸಬೇಕೇ?

16 ಮಿ.ಮೀ. ಹೊರವ್ಯಾಸ, 0.8 ಮಿ.ಮೀ. ದಪ್ಪದ ತಾಮ್ರದ ಟ್ಯೂಬಿನ ತುದಿಯನ್ನು ಅದೇ ಅಳತೆಯ ಇನ್ನೊಂದು ಟ್ಯೂಬು ಒಳಗೆ ಕೂರುವಂತೆ ಹಿಗ್ಗಿಸುವಾಗ ಅನೇಕ ತುದಿಗಳು ಉದ್ದಕ್ಕೆ ಸೀಳುತ್ತಿವೆ, ಪಂಚ್ (ಟ್ಯೂಬಿನೊಳಗೆ ಒತ್ತಿ ತುದಿ ಹಿಗ್ಗಿಸುವ ಉಪಕರಣ) ಬದಲಿಸಬೇಕೇ ಎಂದು ಕೇಳಿದ್ದೀರಿ. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಇದೇ ಕೆಲಸ ಮಾಡುವ ನಾನು ಹೇಳುವುದಾದರೆ, ಪಂಚಿಗೆ ಹಣ ಹಾಕುವ ಮೊದಲು ಟ್ಯೂಬಿನ ಹದವನ್ನೂ (ಅದು ಮೆದುವೋ ಗಡಸೋ ಎಂಬುದನ್ನು) ಕತ್ತರಿಸಿದ ಅಂಚನ್ನೂ ನೋಡಿ.

ನಿಮ್ಮ ಟ್ಯೂಬಿನ ಒಳವ್ಯಾಸ 14.4 ಮಿ.ಮೀ.; ಅದು ಸುಮಾರು 16.1 ಆಗಬೇಕು, ಅಂದರೆ ಸುತ್ತಳತೆ ಶೇಕಡ 12ರಷ್ಟು ಹೆಚ್ಚಬೇಕು. ಚೆನ್ನಾಗಿ ಅನೀಲ್ ಮಾಡಿದ, ಅಂದರೆ ಕಾಯಿಸಿ ಮೆದುಗೊಳಿಸಿದ ತಾಮ್ರವು ಎಳೆತದ ಪರೀಕ್ಷೆಯಲ್ಲಿ ಶೇಕಡ 40ರ ಆಸುಪಾಸು ಹಿಗ್ಗಬಲ್ಲದು. ಆದ್ದರಿಂದ ಶೇಕಡ 12ಕ್ಕೇ ಸೀಳಿದರೆ, ನಿಮ್ಮ ಕೈಗೆ ಬಂದಿರುವುದು ಸುರುಳಿಯಾಗಿ ಸಿಗುವ ಮೆದು ಟ್ಯೂಬಲ್ಲ, ನೇರ ಉದ್ದಗಳಲ್ಲಿ ಬರುವ ಗಡಸು ಟ್ಯೂಬೆಂದೇ ನನ್ನ ಮೊದಲ ಅನುಮಾನ. ಒಂದು ತುಂಡನ್ನು ವೈಸಿನಲ್ಲಿ ಹಿಡಿದು ಚಪ್ಪಟೆ ಮಾಡಿ. ಮಡಿಕೆಯ ಅಂಚಿನಲ್ಲಿ ಬಿರುಕು ಕಂಡರೆ ಅನುಮಾನ ನಿಜ.

ಗಡಸಾಗಿದ್ದರೆ ತುದಿಯ 30–40 ಮಿ.ಮೀ. ಭಾಗವನ್ನಷ್ಟೇ ಗ್ಯಾಸ್ ಜ್ವಾಲೆಯಲ್ಲಿ, ನೆರಳಿನಲ್ಲಿ ನಿಂತು ನೋಡಿದಾಗ ಮಂದ ಕೆಂಪು ಕಾಣುವವರೆಗೆ ಕಾಯಿಸಿ. ಆಮೇಲೆ ನೀರಿಗೆ ಅದ್ದಿದರೂ ತಾಮ್ರ ಉಕ್ಕಿನಂತೆ ಗಡಸಾಗುವುದಿಲ್ಲ. ಆದರೆ ಕಿತ್ತಳೆ ಬಣ್ಣಕ್ಕೆ ತಿರುಗುವವರೆಗೆ ಹಿಡಿದರೆ ಲೋಹದ ಕಣಗಳು ದೊಡ್ಡದಾಗಿ, ಹಿಗ್ಗಿಸಿದ ಮೇಲೆ ಮೈ ತರಿತರಿಯಾಗಿ ಕಾಣುತ್ತದೆ. ಮೇಲೆ ಕಟ್ಟುವ ಕಪ್ಪು ಪದರವನ್ನು ಉಜ್ಜಿ ತೆಗೆಯದಿದ್ದರೆ ಅದು ಪಂಚನ್ನು ಗೀರುತ್ತದೆ.

ಅಂಚಿನ ವಿಷಯಕ್ಕೆ ಹುಡುಗರು ಸಾಮಾನ್ಯವಾಗಿ ಗಮನ ಕೊಡುವುದಿಲ್ಲ. ಚಕ್ರದ ಕಟರು ಟ್ಯೂಬನ್ನು ಒತ್ತಿ ಒತ್ತಿ ಕತ್ತರಿಸುವುದರಿಂದ ಒಳಮುಖವಾಗಿ ಒಂದು ಬರ್ (ಚೂಪಾದ ಲೋಹದ ಏಣು) ಏಳುತ್ತದೆ, ಅಲ್ಲಿಯ ಲೋಹ ಉಳಿದ ಟ್ಯೂಬಿಗಿಂತ ಗಡಸಾಗಿರುತ್ತದೆ. ಹಿಗ್ಗುವಾಗ ಅತಿ ಹೆಚ್ಚು ಎಳೆತ ಬೀಳುವುದೂ ಅದೇ ಅಂಚಿಗೆ. ಹತ್ತಿಯ ಎಳೆಯೊಂದನ್ನು ಒಳಅಂಚಿನ ಮೇಲೆ ಸುತ್ತ ಎಳೆಯಿರಿ, ಸಿಕ್ಕಿಕೊಂಡಲ್ಲಿ ಬರ್ ಇದೆ. ಒಳಅಂಚು ಹೆರೆಯುವ ರೀಮರಿನಿಂದ ಅದನ್ನು ತೆಗೆಯಿರಿ, ಆದರೆ ಅಂಚನ್ನು ಚಾಕುವಿನಂತೆ ಹರಿತ ಮಾಡಬೇಡಿ. ತೆಳುವಾದ ತುದಿಯಲ್ಲೇ ಸೀಳು ಶುರುವಾಗುತ್ತದೆ.

ಇದೇ ಪಂಚಿನಲ್ಲಿ 304 ಸ್ಟೇನ್‌ಲೆಸ್ ಟ್ಯೂಬನ್ನೂ ಹಿಗ್ಗಿಸಬಹುದೇ ಎಂದೂ ಕೇಳಿದ್ದೀರಿ. ಅದೂ ಹಿಗ್ಗುವ ಲೋಹವೇ, ಆದರೆ ಬೇಗ ಗಡಸಾಗುತ್ತದೆ, ಉಕ್ಕಿನ ಪಂಚಿಗೆ ಅಂಟಿಕೊಂಡು ಗೀರು ಬೀಳಿಸುತ್ತದೆ. ಅದಕ್ಕೆ ಅಲ್ಯೂಮಿನಿಯಂ ಬ್ರಾಂಜ್ ಪಂಚ್ ಮತ್ತು ದಪ್ಪ ಲೂಬ್ರಿಕೆಂಟ್ ಬೇಕು. ತೆಳು ಗೋಡೆ ಕ್ಲ್ಯಾಂಪಿನ ಮುಂದೆ ಸುಕ್ಕುಗಟ್ಟಿದರೆ, ಹೊರಗೆ ಬಿಟ್ಟಿರುವ ಉದ್ದವನ್ನು ಕಡಿಮೆ ಮಾಡಿ. ವೆಲ್ಡ್ ಮಾಡಿದ ಟ್ಯೂಬಾದರೆ ಸೀಳು ಪ್ರತಿಸಲವೂ ಬೆಸುಗೆಯ ಗೆರೆಯಲ್ಲೇ ಬರುತ್ತಿದೆಯೇ ನೋಡಿ. ಹಾಗಿದ್ದರೆ ಮಾಲನ್ನೇ ವಾಪಸು ಕಳಿಸಬೇಕು.