ವಾರ್ಡ್ ಪೋಸ್ಟಿಂಗ್ ಎಂದರೆ ನಡುಗುವ ಮಕ್ಕಳಿಗೆ ಬೋಧಕರು ಏನು ಮಾಡಬಹುದು

ಮೇಡಂ, ಮೂರನೇ ಸೆಮಿಸ್ಟರಿನ ನರ್ಸಿಂಗ್ ಮಕ್ಕಳು ವಾರ್ಡಿನಲ್ಲಿ ಹೆದರುತ್ತಾರೆ, ಕೆಲವರು ರಜೆ ಹಾಕುತ್ತಾರೆ, ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಆದ ನಾನು ಏನು ಮಾಡಲಿ ಎಂದು ಕೇಳಿದ್ದೀರಿ. "ಧೈರ್ಯವಾಗಿರಿ" ಎಂದರೆ ಸಾಲದು. ಮೊದಲ ಇಂಜೆಕ್ಷನ್ ಕೊಡುವಾಗ ನೀವು ಪಕ್ಕದಲ್ಲಿ ನಿಂತಿರುವುದೇ ದೊಡ್ಡ ಬೆಂಬಲ.

ಯಾರಿಗೆ ಯಾವ ರೋಗಿ, ಯಾವ ಪ್ರೊಸೀಜರ್ ಎಂದು ಹಿಂದಿನ ದಿನವೇ ತಿಳಿಸಿ. ರಾತ್ರಿಯೆಲ್ಲ ನಿದ್ದೆಗೆಡಿಸುವುದು ಈ ಅನಿಶ್ಚಿತತೆಯೇ. ಬೆಳಗ್ಗೆ ಔಷಧದ ಹೆಸರು, ಡೋಸ್, ಕೊಡುವ ಮಾರ್ಗ, ಸಮಯ ಬಾಯಿಬಿಟ್ಟು ಹೇಳಿಸಿ, ಆಮೇಲೆ ಟ್ರೇ ಮುಟ್ಟಿಸಿ. ತಪ್ಪಾಗುವಂತಿದ್ದರೆ "ಒಂದು ನಿಮಿಷ ನಿಲ್ಲಮ್ಮ" ಎಂದು ಕೈ ತಡೆಯಿರಿ. ವಿವರಣೆ ರೋಗಿಯಿಂದ ದೂರ ಬಂದ ಮೇಲೆ. ಎಲ್ಲರೆದುರು ಬೈಸಿಕೊಂಡವಳು ಮುಂದಿನ ಸಲ ತಪ್ಪನ್ನು ಮುಚ್ಚಿಡುತ್ತಾಳೆ, ಪೆಟ್ಟು ಬೀಳುವುದು ರೋಗಿಗೆ. ಡ್ಯೂಟಿ ಮುಗಿದ ಮೇಲೆ 15 ನಿಮಿಷ ಕೂರಿಸಿ ಮಾತಾಡಿಸಿ. ವಾರ್ಡಿನಲ್ಲಿ ಸಾವಾದ ದಿನ ಇದನ್ನು ಖಂಡಿತ ತಪ್ಪಿಸಬೇಡಿ.

ಒತ್ತಡ ಅಳೆಯಲು ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್ (ತಮಗೆಷ್ಟು ಒತ್ತಡ ಅನಿಸುತ್ತಿದೆ ಎಂದು ಮಕ್ಕಳೇ ತುಂಬುವ ಪ್ರಶ್ನಾವಳಿ) ಸಾಕು: 10 ಪ್ರಶ್ನೆ, 0ರಿಂದ 40 ಅಂಕ. 4, 5, 7, 8ನೇ ಪ್ರಶ್ನೆಗಳ ಅಂಕ ತಿರುಗಿಸಿ (0 ಇದ್ದರೆ 4, 1 ಇದ್ದರೆ 3, ಹೀಗೆ) ಕೂಡಬೇಕು. ಬಹಳ ಜನ ಎಡವುವುದು ಇಲ್ಲೇ. ಅದು ಕಳೆದ ಒಂದು ತಿಂಗಳನ್ನು ಕೇಳುವುದರಿಂದ ವಾರವಾರ ಕೊಟ್ಟು ಪ್ರಯೋಜನವಿಲ್ಲ. ಹೆಸರು ಬರೆಸಬೇಡಿ. ಇಂಟರ್ನಲ್ ಮಾರ್ಕ್ಸ್ ನಿಮ್ಮ ಕೈಯಲ್ಲಿರುವಾಗ ಹೆಸರು ಹಾಕಿ ನಿಜ ಬರೆಯುವವರು ಕಡಿಮೆ.

ಊಟ, ನಿದ್ದೆ ಬಿಟ್ಟವರನ್ನು, ಬದುಕೇ ಬೇಡ ಎನ್ನುವವರನ್ನು ನೀವೊಬ್ಬರೇ ಸಂಭಾಳಿಸಲು ಹೋಗಬೇಡಿ. ಒಬ್ಬಳನ್ನೇ ಬಿಡದೆ ಅಂದೇ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು.