ಡಿವೋರ್ಸ್ ಕೇಳಿದರೆ ಪರಮಪ್ರಸಾದ ತಪ್ಪುತ್ತದೆಯೇ?

ಪ್ರಶ್ನೆ: ನಾನು ಮಂಗಳೂರಿನ ಕಥೊಲಿಕ್ ಮಹಿಳೆ. ಇಬ್ಬರು ಮಕ್ಕಳಿದ್ದಾರೆ. ಗಂಡನಿಗೆ ಬೇರೊಬ್ಬರ ಜೊತೆ ಸಂಬಂಧವಿದೆ ಎಂದು ಮೂರು ತಿಂಗಳ ಹಿಂದೆ ಗೊತ್ತಾಗಿ ತವರಿಗೆ ಬಂದೆ. ‘ದೇವರು ಜೋಡಿಸಿದ್ದನ್ನು ಬಿಡಿಸಬಾರದು, ಕ್ಷಮಿಸಿ ಹೋಗು’ ಎನ್ನುತ್ತಾರೆ ಅಮ್ಮ. ಕೋರ್ಟಿಗೆ ಹೋದರೆ ಪರಮಪ್ರಸಾದ (ಚರ್ಚಿನ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸಿಗುವುದಿಲ್ಲವೇ?

ಉತ್ತರ: ನಿಮ್ಮನ್ನು ಜಾಸ್ತಿ ಕಾಡುತ್ತಿರುವುದು ಕೊನೆಯ ಪ್ರಶ್ನೆಯೇ ಅಲ್ವಾ? ಧೈರ್ಯವಾಗಿರಿ. ಕೋರ್ಟಿನಲ್ಲಿ ಡಿವೋರ್ಸ್ ಪಡೆದ ಮಾತ್ರಕ್ಕೆ ಪರಮಪ್ರಸಾದ ತಪ್ಪುವುದಿಲ್ಲ. ಮಕ್ಕಳ ಪಾಲನೆಗೆ, ನ್ಯಾಯವಾದ ಹಕ್ಕಿಗೆ ಬೇರೆ ದಾರಿಯೇ ಇಲ್ಲದಿದ್ದರೆ ಅದು ಪಾಪವಲ್ಲ ಎಂದು ಧರ್ಮಸಭೆಯೇ, ಅಂದರೆ ಕಥೊಲಿಕ್ ಚರ್ಚೇ, ಬೋಧಿಸುತ್ತದೆ. ತೊಡಕಾಗುವುದು ಮರುಮದುವೆಗೆ. ಅದಕ್ಕೆ ಮೊದಲ ಮದುವೆ ಅಸಿಂಧುವಾಗಿತ್ತು ಎಂದು ಚರ್ಚಿನ ನ್ಯಾಯಪೀಠ ಹೇಳಬೇಕು.

ದಾಂಪತ್ಯ ದ್ರೋಹದಿಂದ ಮದುವೆಯ ಬಂಧ ಕಳಚುವುದಿಲ್ಲ ಎಂಬುದು ಕಥೊಲಿಕರ ನಂಬಿಕೆ ನಿಜ. ಆದರೆ ಮೋಸ ಹೋದವರು ಬೇರೆ ಇರಬಹುದು ಎಂದು ಚರ್ಚಿನ ಕಾನೂನಿನ 1152ನೇ ವಿಧಿ ಹೇಳುತ್ತದೆ. ಕ್ಷಮಿಸಿ ಎಂದು ಅದು ಕೇಳಿಕೊಳ್ಳುತ್ತದೆ, ಬಲವಂತ ಮಾಡುವುದಿಲ್ಲ. ಇದನ್ನು ಅಮ್ಮನಿಗೆ ಓದಿ ಹೇಳಿ. ಹಾಗೆ ಬೇರೆಯಾದವರು ಆರು ತಿಂಗಳೊಳಗೆ ಚರ್ಚಿನ ಅಧಿಕಾರಿಗಳಿಗೆ ವಿಷಯ ಒಪ್ಪಿಸಬೇಕು. ಆದ್ದರಿಂದ ಈಗಲೇ ನಿಮ್ಮ ಫಾದರ್ ಹತ್ತಿರ ಮಾತಾಡಿ.

ಇನ್ನು ಕೋರ್ಟು. ನಿಮಗೆ ಅನ್ವಯಿಸುವುದು 1869ರ ವಿಚ್ಛೇದನ ಕಾಯ್ದೆ. ಹಿಂದೆ ಗಂಡನಿಗೆ ವ್ಯಭಿಚಾರವೊಂದೇ ಕಾರಣವಾಗಿ ಸಾಕಿತ್ತು. ಹೆಂಡತಿಯಾದರೆ ಅದರ ಜೊತೆಗೆ ಕ್ರೌರ್ಯವನ್ನೋ, ತೊರೆದು ಹೋದದ್ದನ್ನೋ ಸಾಬೀತು ಮಾಡಬೇಕಿತ್ತು. ಎಂಥ ಅನ್ಯಾಯ! 2001ರ ತಿದ್ದುಪಡಿ ಈ ಭೇದವನ್ನು ತೆಗೆದುಹಾಕಿತು. 2018ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ವ್ಯಭಿಚಾರಕ್ಕಿದ್ದ ಜೈಲು ಶಿಕ್ಷೆಯನ್ನು ಮಾತ್ರ. ಡಿವೋರ್ಸಿಗೆ ಅದು ಇಂದಿಗೂ ಕಾರಣವೇ.

ಒಂದು ಎಚ್ಚರಿಕೆ. ಎಲ್ಲರೂ ಹೇಳುತ್ತಾರೆಂದು ಸುಮ್ನೆ ವಾಪಸ್ ಹೋಗಿ ಸಂಸಾರ ಶುರು ಮಾಡಿದರೆ, ನೀವು ಕ್ಷಮಿಸಿದ್ದೀರಿ ಎಂದು ಕೋರ್ಟ್ ಎಣಿಸಬಹುದು. ಆಗ ಈ ಕಾರಣ ಕೈತಪ್ಪುತ್ತದೆ. ಮನಸ್ಸಿನಲ್ಲಿ ಕ್ಷಮಿಸುವುದಕ್ಕೆ ಕಾನೂನು ಅಡ್ಡಿ ಬರುವುದಿಲ್ಲ.

ಚರ್ಚಿನ ತೀರ್ಪು ಸರ್ಕಾರಿ ಕಾನೂನಿನಲ್ಲಿ ನಡೆಯುವುದಿಲ್ಲ ಎಂಬುದೂ ಗೊತ್ತಿರಲಿ. ಅದಕ್ಕೆ ಮಾನ್ಯತೆ ಕೊಡಿ ಎಂದು ದಕ್ಷಿಣ ಕನ್ನಡದ ಕಥೊಲಿಕ್ ಮುಖಂಡರೊಬ್ಬರು ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ವಜಾ ಮಾಡಿತು.

ಫೋನಿನಲ್ಲಿರುವ ಮೆಸೇಜುಗಳನ್ನು ಅಳಿಸಬೇಡಿ. ಅರ್ಜಿಯಲ್ಲಿ ಆ ಮಹಿಳೆಯನ್ನೂ ಸಾಮಾನ್ಯವಾಗಿ ಪ್ರತಿವಾದಿಯಾಗಿ ಸೇರಿಸಬೇಕಾಗುತ್ತದೆ. ಕೇಸು ಮುಗಿಯುವ ತನಕದ ಜೀವನಾಂಶಕ್ಕೂ ಜೊತೆಯಲ್ಲೇ ಅರ್ಜಿ ಹಾಕಿ. ಗಂಡನಿಗೆ ಅದು ತಲುಪಿದ 60 ದಿನಗಳೊಳಗೆ, ಆದಷ್ಟು ಮಟ್ಟಿಗೆ, ಕೋರ್ಟ್ ಅದನ್ನು ತೀರ್ಮಾನಿಸಬೇಕು.