ಪೊರೆಯಲ್ಲ, ಪರದೆ: ರೆಟಿನಾ ಕಳಚಿದವರ ಪ್ರಶ್ನೆಗಳು

ಪ್ರಶ್ನೆ: ಅಪ್ಪನಿಗೆ 61 ವರ್ಷ. ಎರಡು ವರ್ಷದ ಹಿಂದೆ ಬಲಗಣ್ಣಿಗೆ ಪೊರೆ ಆಪರೇಷನ್ ಆಗಿತ್ತು. ಈಗ ಅದೇ ಕಣ್ಣಲ್ಲಿ ಎರಡು ದಿನದಿಂದ ಕೆಳಗಡೆಯಿಂದ ಕಪ್ಪು ನೆರಳು ಏರುತ್ತಿದೆ. ನಮ್ಮೂರಿನ ಕಣ್ಣಿನ ಡಾಕ್ಟರು ಪರದೆ ಕಳಚಿದೆ, ಇವತ್ತೇ ಹೊರಡಿ ಅಂದರು. ಅಪ್ಪ ಮಾತ್ರ ಅಡಿಕೆ ಕೊಯ್ಲು ಮುಗಿಯಲಿ, ಎರಡು ವಾರ ಬಿಟ್ಟು ಹೋದರಾಯಿತು ಅನ್ನುತ್ತಿದ್ದಾರೆ. (ಸಾಗರ ತಾಲ್ಲೂಕಿನ ಓದುಗರು)

ಉತ್ತರ: ನಿಮ್ಮ ಪತ್ರ ಬಂದ ದಿನವೇ ಫೋನ್ ಮಾಡಿ ಹೇಳಿದ್ದೇನೆ. ಇಲ್ಲಿ ಬರೆಯುತ್ತಿರುವುದು ಉಳಿದ ಮನೆಗಳಿಗಾಗಿ. ಪೊರೆ, ಪರದೆ ಎರಡೂ ಒಂದೇ ಅಂದುಕೊಂಡು ಕಣ್ಣು ಕಳೆದುಕೊಂಡವರನ್ನು ನಾನು ತುಂಬಾ ನೋಡಿದ್ದೇನೆ. ಪೊರೆ ಅಂದರೆ ಮುಂದಿನ ಲೆನ್ಸ್ ಮಂಜಾಗುವುದು, ಅದು ಸಾಮಾನ್ಯವಾಗಿ ಕೊಯ್ಲು ಮುಗಿಯುವ ತನಕ ಕಾಯುತ್ತದೆ. ಪರದೆ ಅಂದರೆ ರೆಟಿನಾ, ಕಣ್ಣಿನ ಹಿಂಭಾಗದಲ್ಲಿ ಒಳಗೋಡೆಗೆ ಅಂಟಿಕೊಂಡಿರುವ ತೆಳು ಪದರ. ಅದು ಕಾಯುವುದಿಲ್ಲ.

ಕಣ್ಣಿನೊಳಗೆ ಎಳನೀರಿನ ಗಂಜಿಯಂಥ ಒಂದು ಪದಾರ್ಥ ತುಂಬಿರುತ್ತದೆ. ವಯಸ್ಸಾದಂತೆ ಅದು ನೀರಾಗುತ್ತಾ ಕುಗ್ಗುತ್ತದೆ, ಕುಗ್ಗುವಾಗ ಪರದೆಯನ್ನು ಎಳೆಯುತ್ತದೆ, ಕೆಲವರಲ್ಲಿ ಅಲ್ಲಿ ಹರಿದು ತೂತಾಗುತ್ತದೆ. ಆ ತೂತಿನಿಂದ ನೀರು ಹಿಂದಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಗೋಡೆಗೆ ನೀರು ಇಳಿದು ಸುಣ್ಣ ಹಪ್ಪಳದ ಹಾಗೆ ಎದ್ದು ಬರುತ್ತದಲ್ಲ, ಹಾಗೇ. ಎದ್ದ ಭಾಗಕ್ಕೆ ಹಿಂದಿನಿಂದ ಬರುತ್ತಿದ್ದ ಆಹಾರ ನಿಂತುಹೋಗುತ್ತದೆ.

ನೆರಳು ಕೆಳಗಿನಿಂದ ಏರುತ್ತಿದೆ ಅಂದರೆ ಕಳಚಿರುವುದು ಮೇಲಿನ ಪರದೆ. ನೀರು ಕೆಳಕ್ಕೆ ಜಾರುವುದು ತಾನೆ ಸಹಜ? ಜಾರುತ್ತಾ ನಡುಭಾಗಕ್ಕೆ, ಅಂದರೆ ಅಕ್ಷರ ಓದುವ, ಮುಖ ಗುರುತು ಹಿಡಿಯುವ ಮ್ಯಾಕ್ಯುಲಾಕ್ಕೆ ಬಂದುಬಿಡುತ್ತದೆ. ಒಳ್ಳೆಯ ಕಣ್ಣು ಮುಚ್ಚಿಸಿ ಗೋಡೆಯ ಕ್ಯಾಲೆಂಡರಿನ ತಾರೀಖು ಓದಿಸಿ. ಓದಿದರೆ ನಡುಭಾಗ ಇನ್ನೂ ಅಂಟಿಕೊಂಡಿರುವ ಸಾಧ್ಯತೆ ಜಾಸ್ತಿ, ಆ ಕಣ್ಣಿಗೆ ಒಂದು ದಿನವೂ ತಡ ಮಾಡಬಾರದು. ಓದಲಾಗದಿದ್ದರೆ ಎಲ್ಲಾ ಮುಗಿಯಿತು ಅಂತಲ್ಲ. ನಡುಭಾಗ ಕಳಚಿ ಮೂರು ದಿನದೊಳಗೆ ಆಪರೇಷನ್ ಆದವರಿಗೆ ವಾರ ಕಳೆದವರಿಗಿಂತ ಚೆನ್ನಾಗಿ ಕಾಣುತ್ತದೆ. ಎರಡು ವಾರ ಬಿಟ್ಟು ಬಂದರೂ ಪರದೆ ಕೂರಿಸಬಹುದು, ಹೋದ ದೃಷ್ಟಿ ಅಷ್ಟು ವಾಪಸ್ ಬರುವುದಿಲ್ಲ. ಹಣದ ಚಿಂತೆ ಇದ್ದರೆ ಬೆಂಗಳೂರಿನ ಮಿಂಟೊ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ ರೆಟಿನಾ ವಿಭಾಗವೇ ಇದೆ. ಕೊಯ್ಲು ಅಕ್ಕಪಕ್ಕದವರು ನೋಡಿಕೊಳ್ಳಲಿ, ದಯವಿಟ್ಟು.

ಪ್ರಶ್ನೆ: ತಂಗಿಗೆ 27 ವರ್ಷ, ಮೈನಸ್ 9 ಕನ್ನಡಕ. ಪರದೆ ಕಳಚಿದೆ. ಒಬ್ಬರು ಹೊರಗಿನಿಂದ ಬಕಲ್ ಕಟ್ಟೋಣ ಅಂದರು, ಇನ್ನೊಬ್ಬರು ವಿಟ್ರೆಕ್ಟಮಿ ಅಂದರು. ಬಕಲ್ ಹಳೇ ಪದ್ಧತಿ ಅಲ್ವಾ? (ಧಾರವಾಡದ ಓದುಗರು)

ಉತ್ತರ: ಹಳೆಯದು ಹೌದು, ಕೆಟ್ಟದ್ದಲ್ಲ. ನೂರು ವರ್ಷದ ಹಿಂದೆ ಪರದೆ ಕಳಚಿದರೆ ಕಣ್ಣು ಹೋದ ಹಾಗೇ ಲೆಕ್ಕ. ಸ್ವಿಟ್ಜರ್ಲೆಂಡಿನ ಲೋಸಾನ್ ಊರಿನ ಜೂಲ್ಸ್ ಗೊನಾಂ ಅನ್ನುವ ಡಾಕ್ಟರು, ಎಲ್ಲಕ್ಕೂ ಮೂಲ ಆ ತೂತು, ಅದನ್ನು ಮುಚ್ಚಿದರೆ ಪರದೆ ಕೂರುತ್ತದೆ ಅಂತ ತೋರಿಸಿಕೊಟ್ಟರು. ಆಮೇಲೆ ಬಂದದ್ದೆಲ್ಲ ಆ ತೂತು ಮುಚ್ಚುವ ಬೇರೆ ಬೇರೆ ದಾರಿ. ಬಕಲ್‌ನಲ್ಲಿ ಕಣ್ಣುಗುಡ್ಡೆಯ ಹೊರಗೆ ಸಿಲಿಕೋನ್ ಪಟ್ಟಿ ಹೊಲಿದು ಗೋಡೆಯನ್ನೇ ಪರದೆಯ ಹತ್ತಿರ ತಳ್ಳುತ್ತಾರೆ. 1970ರಲ್ಲಿ ಮಯಾಮಿಯ ರಾಬರ್ಟ್ ಮಾಕೆಮರ್ ಕಣ್ಣಿನೊಳಗೇ ಹೋಗಿ ಆ ಗಂಜಿಯನ್ನು ಕತ್ತರಿಸಿ ತೆಗೆಯುವ ವಿಟ್ರೆಕ್ಟಮಿ ಶುರು ಮಾಡಿದರು. ಬಹಳ ವರ್ಷ ಅದಕ್ಕೆ ಸುಮಾರು 0.9 ಮಿಲಿಮೀಟರಿನ ತೂತು ಮಾಡಿ ಹೊಲಿಗೆ ಹಾಕಬೇಕಿತ್ತು. ಈಗ ಅರ್ಧ ಮಿಲಿಮೀಟರ್ ಸಾಕು, ಹೊಲಿಗೆ ಬೇಕಾಗುವುದೇ ಕಮ್ಮಿ. ಹಾಗಾಗಿ ಈಗ ಹೆಚ್ಚಿನವರು ವಿಟ್ರೆಕ್ಟಮಿಗೇ ಹೋಗುತ್ತಾರೆ.

ಇದರಿಂದ ಹೊಸ ಡಾಕ್ಟರುಗಳಿಗೆ ಬಕಲ್‌ನಲ್ಲಿ ಕೈ ಪಳಗುವುದು ಕಮ್ಮಿಯಾಗಿದೆ. ನನಗೆ ಇದು ನಿಜವಾಗಿ ಬೇಸರದ ಸಂಗತಿ. 2007ರಲ್ಲಿ ಯುರೋಪಿನ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಸ್ವಂತ ಲೆನ್ಸ್ ಇರುವವರಿಗೆ ಬಕಲ್‌ನಲ್ಲಿ ದೃಷ್ಟಿ ಚೆನ್ನಾಗಿ ಬಂತು, ಪೊರೆ ಆಪರೇಷನ್ ಆದವರಿಗೆ ವಿಟ್ರೆಕ್ಟಮಿಯಲ್ಲಿ ಪರದೆ ಚೆನ್ನಾಗಿ ಕೂತಿತು. ವಿಟ್ರೆಕ್ಟಮಿ ಮಾಡಿದ ಕಣ್ಣಿಗೆ ಪೊರೆ ಬೇಗ ಬರುವ ತೊಂದರೆಯೂ ಇದೆ. ತಂಗಿಗೆ 27, ಒಳಗಿನ ಗಂಜಿ ಇನ್ನೂ ಗಟ್ಟಿ ಇರುವ ವಯಸ್ಸು. ತೂತು ಬಕಲ್‌ಗೆ ಸಿಗುವ ಜಾಗದಲ್ಲಿದ್ದರೆ, ಬಕಲ್ ಪದೇ ಪದೇ ಮಾಡುವ ಕೈ ಸಿಕ್ಕರೆ, ನಾನು ನನ್ನ ಮನೆಯವರಿಗಾದರೂ ಅದನ್ನೇ ಹೇಳುತ್ತೇನೆ.

ಮೂರನೆಯದು, ಕ್ಲಿನಿಕ್‌ನಲ್ಲೇ ಪರದೆಯನ್ನು ಒತ್ತಿ ಹಿಡಿಯಲು ಸೂಜಿಯಿಂದ ಕಣ್ಣಿನೊಳಗೆ ಗ್ಯಾಸ್ ಗುಳ್ಳೆ ಬಿಟ್ಟು ಲೇಸರ್ ಅಥವಾ ತಂಪು ಕೊಟ್ಟು ತೂತು ಮುಚ್ಚುವುದು. ತೂತು ಮೇಲ್ಭಾಗದಲ್ಲಿದ್ದರೆ ಮಾತ್ರ. 2019ರಲ್ಲಿ ಪ್ರಕಟವಾದ ಟೊರಾಂಟೊ ಅಧ್ಯಯನದಲ್ಲಿ ಇದರಿಂದ ಒಂದೇ ಸಲಕ್ಕೆ ಪರದೆ ಕೂತದ್ದು ಸುಮಾರು 81% ಜನರಿಗೆ, ವಿಟ್ರೆಕ್ಟಮಿಯಲ್ಲಿ 93%. ಆದರೂ ವರ್ಷದ ಕೊನೆಗೆ ಗ್ಯಾಸ್ ಹಾಕಿಸಿಕೊಂಡವರ ದೃಷ್ಟಿಯೇ ಚೆನ್ನಾಗಿತ್ತು, ಗೆರೆಗಳು ಸೊಟ್ಟ ಕಾಣುವುದೂ ಕಮ್ಮಿ. ತಂಗಿಗೆ ಹೊಂದುತ್ತದಾ ಅಂತ ಡಾಕ್ಟರನ್ನು ಕೇಳಿ, ಸಂಕೋಚ ಬೇಡ.

ಪ್ರಶ್ನೆ: ಅಮ್ಮನಿಗೆ ಆಪರೇಷನ್ ಆಗಿ ಎರಡು ತಿಂಗಳು, ಕಣ್ಣಲ್ಲಿ ಎಣ್ಣೆ ತುಂಬಿದ್ದಾರೆ. ಸಕ್ಸಸ್ ಅಂದರು. ಅಮ್ಮನಿಗೆ ಬಾಗಿಲ ಚೌಕಟ್ಟು ಡೊಂಕಾಗಿ ಕಾಣುತ್ತದೆ, ಮಸುಕು. ಸುಳ್ಳು ಹೇಳಿದರಾ? (ಬೆಂಗಳೂರಿನ ಓದುಗರು)

ಉತ್ತರ: ಸುಳ್ಳಲ್ಲ, ಅರ್ಧ ಮಾತು. ಡಾಕ್ಟರು ಸಕ್ಸಸ್ ಅನ್ನುವುದು ಪರದೆ ಕೂತಿದೆ ಅನ್ನುವ ಅರ್ಥದಲ್ಲಿ. ಮನೆಯವರಿಗೆ ಕೇಳಿಸುವುದು ಮೊದಲಿನ ಹಾಗೆ ಕಾಣುತ್ತದೆ ಅಂತ. ಈ ವ್ಯತ್ಯಾಸವನ್ನು ಆಪರೇಷನ್‌ಗೆ ಮುಂಚೆಯೇ ಕೂರಿಸಿ ಹೇಳಬೇಕು, ಹೇಳದಿರುವುದು ನಮ್ಮವರ ತಪ್ಪು. ಮೊದಲ ಆಪರೇಷನ್‌ಗೇ ಪರದೆ ಕೂರುವುದು ಹೆಚ್ಚು ಕಮ್ಮಿ ನೂರಕ್ಕೆ 85ರಿಂದ 90 ಜನರಿಗೆ, ಇನ್ನೊಂದೆರಡು ಸಲ ಮಾಡಿದರೆ 95ಕ್ಕೂ ಜಾಸ್ತಿ. ಕೂರದಿರುವುದಕ್ಕೆ ದೊಡ್ಡ ಕಾರಣ ಪರದೆಯ ಮೇಲೆ ಗಾಯದ ಕಲೆಯಂಥ ತೆಳು ಪದರ ಬೆಳೆದು ಅದನ್ನು ಮತ್ತೆ ಎಳೆಯುವುದು.

ನಡುಭಾಗ ಕಳಚಿದ್ದ ಕಣ್ಣಿಗೆ ಗೆರೆ ಡೊಂಕಾಗಿ ಕಾಣುವುದು ಅಪರೂಪವಲ್ಲ. ದೃಷ್ಟಿ ತಿಂಗಳುಗಟ್ಟಲೆ, ಕೆಲವರಿಗೆ ವರ್ಷದವರೆಗೂ ನಿಧಾನಕ್ಕೆ ಸುಧಾರಿಸುತ್ತದೆ. ಪರದೆ ಅಂಟುವ ತನಕ ಒತ್ತಿ ಹಿಡಿಯಲು ತುಂಬಿದ ಸಿಲಿಕೋನ್ ಎಣ್ಣೆ ಇರುವಾಗ ಕನ್ನಡಕದ ನಂಬರೂ ಬದಲಾಗುವುದರಿಂದ ಈಗಿನ ಮಸುಕು ಕೊನೆಯದಲ್ಲ. ಆದರೆ ಎಣ್ಣೆ ತೆಗೆಸುವುದನ್ನು ಮರೆಯಬೇಡಿ! ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ತೆಗೆಯುತ್ತಾರೆ. ನೋವಿಲ್ಲ ಅಂತ ಸುಮ್ನೆ ವರ್ಷಗಟ್ಟಲೆ ಬಿಟ್ಟು, ಕಣ್ಣಿನ ಒತ್ತಡ ಏರಿ ನರ ಹಾಳಾಗಿ ಬಂದವರಿದ್ದಾರೆ. ಕೂತ ಪರದೆ ಹಾಗೇ ಇತ್ತು, ದೃಷ್ಟಿ ಹೋಗಿತ್ತು. ಇವತ್ತೇ ತಾರೀಖು ಕೇಳಿ ಬರೆದಿಟ್ಟುಕೊಳ್ಳಿ. ಇನ್ನೊಂದು ಕಣ್ಣನ್ನೂ ಪಾಪೆ ಅಗಲ ಮಾಡಿಸಿ ತೋರಿಸಿ.

ಪ್ರಶ್ನೆ: ಮಂಗಳೂರಲ್ಲಿ ಆಪರೇಷನ್ ಆಗಿ ಕಣ್ಣಿಗೆ ಗ್ಯಾಸ್ ಹಾಕಿದ್ದಾರೆ. ವಿಮಾನ ಬೇಡ ಅಂದರು. ಬಸ್ಸಲ್ಲಿ ಮಡಿಕೇರಿಗೆ ಹೋಗಬಹುದಲ್ವಾ? (ಮಡಿಕೇರಿಯ ಓದುಗರು)

ಉತ್ತರ: ಬೇಡ. ಮಂಗಳೂರು ಸಮುದ್ರದ ಮಟ್ಟ, ಮಡಿಕೇರಿ 1,100 ಮೀಟರಿಗೂ ಎತ್ತರ. ಘಾಟಿ ಏರಿದ ಹಾಗೆ ಹೊರಗಿನ ಗಾಳಿಯ ಒತ್ತಡ ಇಳಿದು ಕಣ್ಣೊಳಗಿನ ಗುಳ್ಳೆ ಉಬ್ಬುತ್ತದೆ, ಕಣ್ಣಿಗೆ ರಕ್ತದ ಓಡಾಟವೇ ನಿಂತುಹೋಗಬಹುದು. ನಿಮ್ಮ ಊರು ಎಷ್ಟು ಎತ್ತರದಲ್ಲಿದೆ ಅಂತ ಡಾಕ್ಟರಿಗೆ ನೀವೇ ಹೇಳಿ. ಎಸ್‌ಎಫ್6 ಗ್ಯಾಸ್ ಆದರೆ ಸುಮಾರು ಎರಡು ವಾರ, ಸಿ3ಎಫ್8 ಆದರೆ ಆರರಿಂದ ಎಂಟು ವಾರ ಇರುತ್ತದೆ. ಅಷ್ಟು ದಿನ ಕೆಳಗೇ ನೆಂಟರ ಮನೆಯಲ್ಲಿರಿ. ಈ ನಡುವೆ ಬೇರೆ ಯಾವ ಆಪರೇಷನ್‌ಗೆ ಅರಿವಳಿಕೆ ಕೊಡುವುದಾದರೂ ಕಣ್ಣಲ್ಲಿ ಗ್ಯಾಸ್ ಇದೆ ಅಂತ ಮೊದಲೇ ಹೇಳಬೇಕು. ನೈಟ್ರಸ್ ಆಕ್ಸೈಡ್ ಕೊಟ್ಟರೂ ಗುಳ್ಳೆ ಹೀಗೇ ಉಬ್ಬುತ್ತದೆ. ತಲೆ ಹೇಗೆ ಇಟ್ಟುಕೊಳ್ಳಬೇಕು ಅನ್ನುವುದು ತೂತು ಎಲ್ಲಿತ್ತು ಅನ್ನುವುದರ ಮೇಲೆ ಹೋಗುತ್ತದೆ, ಪಕ್ಕದ ಬೆಡ್ಡಿನವರನ್ನು ನೋಡಿ ಮಾಡಬೇಡಿ.

ಗ್ಯಾಸ್ ಕರಗುವುದು ನಿಮಗೇ ಕಾಣುತ್ತದೆ. ಮೇಸ್ತ್ರಿಗಳ ರಸಮಟ್ಟದ ಹಾಗೆ ಕಣ್ಣಿಗೆ ಅಡ್ಡಲಾಗಿ ಒಂದು ಗೆರೆ ಅಲುಗಾಡುತ್ತಿರುತ್ತದೆ, ಅದರ ಮೇಲುಗಡೆ ಮೊದಲು ತಿಳಿಯಾಗುತ್ತದೆ, ದಿನ ಕಳೆದಂತೆ ಗೆರೆ ಕೆಳಗಿಳಿಯುತ್ತದೆ. ಕೊನೆಗೆ ಒಂದು ದುಂಡು ಮಣಿಯಷ್ಟಾಗಿ ಮಾಯವಾಗುತ್ತದೆ. ಆಮೇಲೆ ಒಮ್ಮೆ ತೋರಿಸಿ, ಡಾಕ್ಟರು ಸರಿ ಅಂದ ಮೇಲೆ ಮಡಿಕೇರಿಯ ಬಸ್ಸು ಹತ್ತಿ.